ಒಂಬತ್ತನೇ ತರಗತಿಯ ಅಣಕು ಸಂಸತ್ತಿನ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಪರೀಕ್ಷೆಯ ವೇಳಾಪಟ್ಟಿ, ಬಸ್ ಶುಲ್ಕ ಮುಂತಾದ ಎಂದಿನ ಸೂಚನೆಗಳು ಬೇರೆ ಪತ್ರದಲ್ಲಿ ಬರುತ್ತವೆ. ಈ ಪತ್ರ ಒಂದೇ ವಿಷಯಕ್ಕೆ ಮೀಸಲು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಶನಿವಾರ ಒಂಬತ್ತನೇ ತರಗತಿಯ ಮಕ್ಕಳು ನಡೆಸಿದ ಅಣಕು ಸಂಸತ್ತಿನ ಚಿಕ್ಕದೊಂದು ವಿಡಿಯೊ ಊರಿನ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ನನ್ನ ದೇಶದ ಜೊತೆ ನಿಲ್ಲುವ ಆಸೆ ನನಗಿದೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ" ಎನ್ನುತ್ತಾಳೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಯಾವ ದೇಶ, ಯಾವ ಯುದ್ಧ, ಯಾವ ವರ್ಷ, ಒಂದೂ ತಿಳಿಯುವುದಿಲ್ಲ. ಈ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಇದನ್ನೇ ಏನು ಎಂದು ಯಾರೋ ಕೆಳಗೆ ಬರೆದು ಸೇರಿಸಿದ್ದಾರೆ. ಸೋಮವಾರದಿಂದ ಕೆಲವರು ಕಚೇರಿಗೆ ಬಂದು ಮಾತನಾಡಿದ್ದೀರಿ, ಕೆಲವರು ಸಹಿ ಹಾಕಿದ ಮನವಿ ಕೊಟ್ಟಿದ್ದೀರಿ. ಮಕ್ಕಳ ಪಾಠದ ಬಗ್ಗೆ ಇಷ್ಟು ಕಾಳಜಿ ಇರುವ ಪೋಷಕರು ಸಿಕ್ಕಿರುವುದು ನಮ್ಮ ಪುಣ್ಯವೆಂದೇ ತಿಳಿದು ಉತ್ತರ ಬರೆಯುತ್ತಿದ್ದೇನೆ.

ಆ ಮಾತು ನಮ್ಮ ಹುಡುಗಿಯ ಸ್ವಂತ ಮಾತಲ್ಲ, ಶಿಕ್ಷಕರು ಬರೆದುಕೊಟ್ಟ ಸಂಭಾಷಣೆಯೂ ಅಲ್ಲ. ಮೊದಲ ಮಹಾಯುದ್ಧದ ಕಾಲ, 1917ರ ಏಪ್ರಿಲ್ 6ರ ನಸುಕಿನಲ್ಲಿ, ಜರ್ಮನಿಯ ಮೇಲೆ ಯುದ್ಧ ಸಾರುವ ನಿರ್ಣಯವನ್ನು ಅಮೆರಿಕದ ಸಂಸತ್ತಿನ ಕೆಳಮನೆ ಮತಕ್ಕೆ ಹಾಕಿದಾಗ ಮೊಂಟಾನಾ ರಾಜ್ಯದ ಸದಸ್ಯೆ ಜೀನೆಟ್ ರಾಂಕಿನ್ ಆಡಿದ ಮಾತು ಅದು. ಆ ದೇಶದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಆಕೆ. ಅಮೆರಿಕದ ಎಲ್ಲ ರಾಜ್ಯಗಳ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಸಂವಿಧಾನದಲ್ಲಿ ಬಂದದ್ದೇ 1920ರಲ್ಲಿ, ಅಂದರೆ ಈಕೆ ಸದನದಲ್ಲಿ ಕುಳಿತು ಮೂರು ವರ್ಷಗಳ ಮೇಲೆ. ಮೊದಲ ಸುತ್ತಿನಲ್ಲಿ ಹೆಸರು ಕೂಗಿದಾಗ ಆಕೆ ಉತ್ತರಿಸಲಿಲ್ಲ. ಎರಡನೇ ಸುತ್ತಿನಲ್ಲಿ ಎದ್ದು ಈ ಮಾತನ್ನು ಹೇಳಿದರು. ಹೆಸರು ಕೂಗುವಾಗ ಭಾಷಣ ಮಾಡುವಂತಿಲ್ಲ ಎಂಬ ಸದನದ ಹಳೆಯ ಪದ್ಧತಿ ಅಂದು ಮುರಿಯಿತು.

ನಿರ್ಣಯದ ಪರ 373, ವಿರುದ್ಧ 50 ಮತಗಳು ಬಿದ್ದವು. ನಮ್ಮ ಒಂಬತ್ತನೇ ತರಗತಿಯಲ್ಲಿ 42 ಮಕ್ಕಳು. ಗಣಿತದ ಮೇಷ್ಟರು ಅನುಪಾತ ಹಾಕಿ ಐದು ಮಕ್ಕಳು 'ಇಲ್ಲ' ಎನ್ನಬೇಕೆಂದು ಲೆಕ್ಕ ಕೊಟ್ಟರು, ಮಕ್ಕಳು ಚೀಟಿ ಎತ್ತಿದರು. ಪಕ್ಕದ ಬೆಂಚಿನ ಹುಡುಗಿಗೆ ಆ ಚೀಟಿ ಬಂದಿದ್ದರೆ ವಿಡಿಯೊದಲ್ಲಿ ಅವಳಿರುತ್ತಿದ್ದಳು. ಇದರಲ್ಲಿ ಯಾರ ಮನೆಯ ಸಂಸ್ಕಾರವನ್ನೂ ಹುಡುಕುವುದು ಬೇಡ.

ಉಳಿದ 37 ಮಕ್ಕಳು ಏನು ಮಾಡಿದರೆಂದು ಯಾರೂ ಕೇಳಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. 1915ರ ಮೇ ತಿಂಗಳಲ್ಲಿ ಜರ್ಮನಿಯ ಜಲಾಂತರ್ಗಾಮಿ ಲುಸಿಟಾನಿಯಾ ಹಡಗನ್ನು ಮುಳುಗಿಸಿ ಸುಮಾರು 1,200 ಪ್ರಯಾಣಿಕರು ಮತ್ತು ಸಿಬ್ಬಂದಿ ಸತ್ತದ್ದನ್ನು, ಅವರಲ್ಲಿ 128 ಮಂದಿ ಅಮೆರಿಕನ್ನರಿದ್ದದ್ದನ್ನು ಒಬ್ಬಳು ವಿವರಿಸಿದಳು. ಒಬ್ಬ ಹುಡುಗ ಭೂಪಟ ತೂಗುಹಾಕಿ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾಗಳ ಮೇಲೆ ಅಂಗೈ ಇಟ್ಟು ಮುಚ್ಚಿದ. ಯುದ್ಧವಾದರೆ ಜೊತೆಗೂಡಿ, ಇಷ್ಟನ್ನು ನೀವು ಮರಳಿ ಪಡೆಯಬಹುದು ಎಂದು ಜರ್ಮನಿ ಮೆಕ್ಸಿಕೊಗೆ ಗುಟ್ಟಾಗಿ ತಂತಿ ಕಳಿಸಿತ್ತು, ಅಂಥ ದೇಶದ ಎದುರು ಕೈಕಟ್ಟಿ ಕೂರಬೇಕೇ ಎಂದು ಕೇಳಿದ. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದದ್ದು ಅವನಿಗೇ. 'ನಮ್ಮನ್ನು ಯುದ್ಧದಿಂದ ದೂರವಿಟ್ಟವರು' ಎಂಬ ಘೋಷಣೆಯ ಬಲದ ಮೇಲೆ 1916ರಲ್ಲಿ ಮತ್ತೆ ಗೆದ್ದ ಅಧ್ಯಕ್ಷ ವುಡ್ರೊ ವಿಲ್ಸನ್ ಐದೇ ತಿಂಗಳಲ್ಲಿ ಯುದ್ಧ ಕೇಳಲು ಸಂಸತ್ತಿಗೆ ಬರಬೇಕಾದದ್ದು ಏಕೆಂದು ಮಕ್ಕಳಿಗೆ ಅಂದು ಚೆನ್ನಾಗಿಯೇ ಅರ್ಥವಾಯಿತು.

ಈಗ ಮನವಿಯ ಮುಖ್ಯ ಅಂಶಕ್ಕೆ ಬರುತ್ತೇನೆ. ಕಾರ್ಯಕ್ರಮ ಬೇಕಾದರೆ ನಡೆಯಲಿ, ಆ ಐದು ಮಕ್ಕಳ 'ಇಲ್ಲ'ವನ್ನು ಮಾತ್ರ ಕೈಬಿಡಿ ಎಂದು ಕೇಳಿದ್ದೀರಿ. ಈ ಮಾತಿನ ಹಿಂದಿರುವ ಆತಂಕ ನನಗೆ ಗೊತ್ತು. ನಮ್ಮ ಪೋಷಕರಲ್ಲಿ ಸೈನ್ಯದಲ್ಲಿರುವವರು, ನಿವೃತ್ತರಾಗಿ ಬಂದವರು ಇದ್ದಾರೆ. ಅವರ ಮಕ್ಕಳು ಕೂರುವ ತರಗತಿಯಲ್ಲಿ ಸೈನಿಕನಿಗೆ ಅಗೌರವವಾಗುವ ಒಂದು ಮಾತೂ ಬರಕೂಡದು. ಬಂದಿಲ್ಲ, ಮುಂದೆಯೂ ಬರುವುದಿಲ್ಲ. ಅದು ನನ್ನ ಹೊಣೆ.

ಆದರೆ ಆ ಐದು ಪಾತ್ರಗಳು ಉಳಿಯುತ್ತವೆ. 373ನ್ನು ಹೇಳಿ 50ನ್ನು ಬಿಟ್ಟರೆ ಅದು ಇತಿಹಾಸದ ಪಾಠವಾಗುವುದಿಲ್ಲ. ಆ ಐವತ್ತರಲ್ಲಿ ವಿಲ್ಸನ್ ಅವರದೇ ಪಕ್ಷದ ಸದನ ನಾಯಕ ಕ್ಲಾಡ್ ಕಿಚಿನ್ ಕೂಡ ಇದ್ದರು. ಮೇಲ್ಮನೆಯಲ್ಲಿ 82 ಸದಸ್ಯರ ಎದುರು ಆರು ಮಂದಿ ಇದ್ದರು. ಯಾರ ಸದಸ್ಯತ್ವವೂ ಹೋಗಲಿಲ್ಲ, ಯುದ್ಧವೂ ನಿಲ್ಲಲಿಲ್ಲ. ಮುಂದಿನ ತಿಂಗಳೇ ಕಡ್ಡಾಯ ಸೇನಾ ನೇಮಕದ ಕಾನೂನು ಬಂತು. ಯುದ್ಧ ಮುಗಿಯುವ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಯೋಧರು ತೀರಿಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಕೊಂದದ್ದು ಗುಂಡಲ್ಲ, ಇನ್‌ಫ್ಲುಯೆನ್ಜಾ ಮುಂತಾದ ಕಾಯಿಲೆಗಳು. ಇಷ್ಟು ದೊಡ್ಡ ತೀರ್ಮಾನವನ್ನು ಆ ದೇಶ ಹೆಸರು ಹೆಸರು ಕೂಗಿ, ವಿರೋಧವನ್ನೂ ಬರೆದಿಟ್ಟುಕೊಂಡು ತೆಗೆದುಕೊಂಡಿತು. ನಾವು ಕಲಿಸಲು ಹೊರಟದ್ದು ಇಷ್ಟನ್ನೇ. ರಾಂಕಿನ್ ಅವರ ನಿಲುವು ಸರಿಯೆಂದು ಶಾಲೆ ಎಲ್ಲೂ ಹೇಳಿಲ್ಲ. ತಪ್ಪೆಂದೂ ಹೇಳುವುದಿಲ್ಲ. ಅದನ್ನು ಮಕ್ಕಳು ಮನೆಯಲ್ಲಿ ನಿಮ್ಮೊಂದಿಗೆ ಚರ್ಚಿಸಲಿ.

ಅಮೆರಿಕವನ್ನು ಹೊಗಳುತ್ತಿದ್ದೇವೆ ಎಂಬ ತದ್ವಿರುದ್ಧ ದೂರೂ ಒಂದು ಬಂದಿದೆ! ಆ ಪೋಷಕರು ತಮ್ಮ ಮಗನ ಟಿಪ್ಪಣಿ ಪುಸ್ತಕದ ಮುಂದಿನ ಪುಟವನ್ನೂ ನೋಡಬೇಕು. 1918ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಹತ್ತು ವರ್ಷ ಸೆರೆವಾಸ ವಿಧಿಸಿದ್ದು ಅದರಲ್ಲಿದೆ. 1920ರ ಅಧ್ಯಕ್ಷೀಯ ಚುನಾವಣೆಗೆ ಅವರು ಜೈಲಿನಿಂದಲೇ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದದ್ದೂ ಇದೆ. ಸದನದ ಒಳಗೆ ಹೇಳಿದರೆ ಮತ, ಮೈದಾನದಲ್ಲಿ ಹೇಳಿದರೆ ಜೈಲು, ಇದು ಯಾವ ನ್ಯಾಯ ಸರ್ ಎಂದು ಒಬ್ಬ ಹುಡುಗ ಕೇಳಿದನಂತೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. ಬರಬೇಕಿತ್ತು.

ನಮ್ಮ ದೇಶದ ಯೋಧರನ್ನು ಬಿಟ್ಟು ಅಮೆರಿಕ ಏಕೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಬಿಟ್ಟಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದ ಸವಾರರೊಂದಿಗೆ ಅದೇ ಮಹಾಯುದ್ಧದಲ್ಲಿ ಕುದುರೆಯ ಮೇಲೆ ನುಗ್ಗಿ ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಪಾಠವನ್ನು ಇದೇ ಮಕ್ಕಳು ಎರಡು ತಿಂಗಳ ಹಿಂದೆ ಓದಿದ್ದಾರೆ. ಅದರ ಭಿತ್ತಿಪತ್ರ ಈಗಲೂ ಮೆಟ್ಟಿಲ ಬಳಿ ಇದೆ. ಆದರೆ ಆ ಯುದ್ಧಕ್ಕೆ ಹೋದ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರ ಪರವಾಗಿ ಹೌದು ಅಥವಾ ಇಲ್ಲ ಎನ್ನಲು ನಮಗೆ ಸಂಸತ್ತೇ ಇರಲಿಲ್ಲ. 1939ರಲ್ಲಿಯೂ ವೈಸರಾಯ್ ಲಿನ್‌ಲಿತ್‌ಗೊ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಸಾರಿದರು, ಅದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಯುದ್ಧಕ್ಕೆ ಮತ ಬಿದ್ದ ಸದನವನ್ನು ತೋರಿಸಬೇಕೆಂದರೆ ಆ ಕಾಲದಲ್ಲಿ ನಾವು ಬೇರೆ ಕಡೆಗೇ ನೋಡಬೇಕು.

ಆ ಹುಡುಗಿಯ ಬಗ್ಗೆಯೂ ಹೇಳಬೇಕು. ಶಾಲೆಯ ಬಸ್ಸಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದಾರೆಂಬುದು ನನ್ನ ಕಿವಿಗೆ ಬಿದ್ದಿದೆ, ಆ ಪದವನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಅದನ್ನು ತಾವಾಗಿ ಕಲಿತಿಲ್ಲ. ಐವತ್ತು ಮಂದಿ ವಿರೋಧಿಸಿದ್ದರೂ ಅಂದು ಹೆಚ್ಚು ಬೈಗುಳ ಬಿದ್ದದ್ದು ರಾಂಕಿನ್ ಒಬ್ಬರಿಗೇ. ಅವರದೇ ರಾಜ್ಯದ ಪತ್ರಿಕೆಯೊಂದು ಶತ್ರುವಿನ ಕೈಯ ಚೂರಿ ಎಂದೂ ಅಳುವ ಶಾಲಾಬಾಲಕಿ ಎಂದೂ ಹಂಗಿಸಿತು. ಆಕೆ ಅತ್ತದ್ದು ನಿಜವೇ ಎಂದು ಫಿಯೊರೆಲೊ ಲಾಗಾರ್ಡಿಯಾ ಎಂಬ ಸದಸ್ಯರನ್ನು ಕೇಳಿದಾಗ, ಗೊತ್ತಿಲ್ಲ, ನನ್ನ ಕಣ್ಣಲ್ಲೇ ನೀರಿದ್ದುದರಿಂದ ಕಾಣಲಿಲ್ಲ ಎಂದರಂತೆ. ಅವರು ಮತ ಹಾಕಿದ್ದು ಯುದ್ಧದ ಪರ. ನಮ್ಮ ಹುಡುಗಿಗೆ ಈಗ ಹದಿನಾಲ್ಕು ವರ್ಷ. ಅವಳನ್ನು ಹಂಗಿಸುವವರು ಯಾರೇ ಆಗಿರಲಿ, ಅವರ ಪೋಷಕರನ್ನು ಕರೆಸಿ ಮಾತನಾಡುತ್ತೇನೆ.

ಪಾಠ ಹಿಂದೆ ಬೀಳುತ್ತದೆಂಬ ಭಯ ಬೇಡ. ಪಠ್ಯಕ್ರಮ ವೇಳೆಗೆ ಸರಿಯಾಗಿ ಸಾಗಿದೆ.

ಇನ್ನು ಮುಂದೆ ಸಭಾಂಗಣದ ಕಾರ್ಯಕ್ರಮಗಳಿಗೆ ಬರುವವರು, ಶಿಕ್ಷಕರೂ ಸೇರಿ, ಮೊಬೈಲನ್ನು ಬಾಗಿಲ ಬಳಿ ಕೊಟ್ಟು ಒಳಬರಬೇಕು. ಸ್ವಂತ ಮಗುವಿನ ಫೋಟೊ ಬೇಕೆನಿಸುವುದು ಸಹಜ, ಶಾಲೆಯೇ ತೆಗೆದು ಕಳಿಸುತ್ತದೆ. ಆ ವಿಡಿಯೊ ನಿಮ್ಮ ಮೊಬೈಲಿನಲ್ಲಿದ್ದರೆ ಅಳಿಸಿಬಿಡಿ.

ಎರಡನೇ ಭಾಗ ಡಿಸೆಂಬರ್ ಮೊದಲ ಶನಿವಾರ ಬೆಳಗ್ಗೆ 9 ಗಂಟೆಗೆ ಇದೆ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಜಪಾನಿನ ಮೇಲೆ ಯುದ್ಧ ಸಾರಲು ಅದೇ ಸದನದಲ್ಲಿ 388 ಮತ ಬಿದ್ದವು. ವಿರುದ್ಧ ಬಿದ್ದದ್ದು ಒಂದೇ, ಅದೂ ಎರಡನೇ ಬಾರಿ ಆಯ್ಕೆಯಾಗಿ ಬಂದಿದ್ದ ರಾಂಕಿನ್ ಅವರದು. ಜನ ಮುತ್ತಿಕೊಂಡಾಗ ಆಕೆ ಟೆಲಿಫೋನ್ ಗೂಡಿನಲ್ಲಿ ಸೇರಿಕೊಂಡು ಪೊಲೀಸರನ್ನು ಕರೆಯಬೇಕಾಯಿತು. ಮುಂದಿನ ವರ್ಷ ಚುನಾವಣೆಗೆ ನಿಲ್ಲಲಿಲ್ಲ. ಆಮೇಲೆ ಗಾಂಧೀಜಿಯವರ ದಾರಿಯನ್ನು ಅರಿಯಲೆಂದು ಹಲವು ಬಾರಿ ಭಾರತಕ್ಕೆ ಬಂದು ಹೋದರು. ಅಂದು ಆ ಸದನದಲ್ಲಿ ನಾನಿದ್ದಿದ್ದರೆ 388ರ ಜೊತೆಗೇ ಇರುತ್ತಿದ್ದೆ. ಗಣಿತದ ಮೇಷ್ಟರ ಅನುಪಾತದಂತೆ ಈ ಸಲ 'ಇಲ್ಲ' ಎನ್ನಲು ಅರ್ಧ ಮಗುವೂ ಬರುವುದಿಲ್ಲ. ಆದರೂ ಒಂದು ಚೀಟಿ ಇರುತ್ತದೆ. ಅದು ಯಾರಿಗೆ ಬಂದರೂ ಅವರ ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಬರುವವರು ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿದರೆ ಕುರ್ಚಿ, ಉಪಾಹಾರಗಳ ವ್ಯವಸ್ಥೆಗೆ ಅನುಕೂಲ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯರು