ಆಕಾಶಬುಟ್ಟಿ ಮನೆಯಲ್ಲೇ ಇರಲಿ: ಪೋಷಕರಿಗೊಂದು ಪತ್ರ

ನವನಗರ, ಬಾಗಲಕೋಟೆ

ಪ್ರಿಯ ಪೋಷಕರೇ, ಎಲ್ಲರಿಗೂ ಶರಣು.

ದೀಪಾವಳಿ ರಜೆಗೆ ಮಕ್ಕಳಿಗೆ ಕೊಟ್ಟ ಕೈಕೆಲಸದ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ನನ್ನವರೆಗೂ ಬಂದಿದೆ. ಕೆಲವರು ನೇರವಾಗಿ ಆಫೀಸಿಗೇ ಬಂದು ಕೇಳಿದಿರಿ, ಅದು ಒಳ್ಳೆಯದಾಯಿತು. ಮುಖ ನೋಡಿ ಕೇಳಿದ್ದಕ್ಕೆ ಮುಖ ನೋಡಿ ಉತ್ತರ ಕೊಡಬಹುದು. ಗುಂಪಿನಲ್ಲಿ ಬೆರಳು ಮುಂದೆ ಓಡುತ್ತದೆ, ವಿಚಾರ ಹಿಂದೆ ಬೀಳುತ್ತದೆ. ಎಲ್ಲ ಮನೆಗೂ ಒಂದೇ ಉತ್ತರ ಹೋಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಹೇಳಿದ್ದೇನು ಎಂಬುದು ಮೊದಲು ಸ್ಪಷ್ಟವಾಗಲಿ. ನಾಲ್ಕರಿಂದ ಏಳನೇ ತರಗತಿಯವರೆಗಿನ ಮಕ್ಕಳು ಮನೆಯಲ್ಲಿ ಸಿಗುವ ಸಾಮಾನಿನಿಂದ ಒಂದು ವಸ್ತುವನ್ನು ತಾವೇ ಮಾಡಬೇಕು. ಅದನ್ನು ಮನೆಯ ಒಬ್ಬರಿಗೆ ಕೊಡಬೇಕು. ಜೊತೆಗೊಂದು ಚೀಟಿ, ಅದರಲ್ಲಿ ಅವರು ತನಗಾಗಿ ಮಾಡಿದ ಯಾವುದಾದರೂ ಒಂದು ಕೆಲಸವನ್ನು ನೆನೆದು ಬರೆಯಬೇಕು. ವಸ್ತು ಶಾಲೆಗೆ ಬರುವುದಿಲ್ಲ. ಅಂಕ ಇಲ್ಲ, ಪ್ರದರ್ಶನ ಇಲ್ಲ, ಬಹುಮಾನ ಇಲ್ಲ, ಶಾಲೆಯ ಗುಂಪಿನಲ್ಲಿ ಫೋಟೋ ಇಲ್ಲ.

ಓದು ಹಾಳಾಗುತ್ತದೆ ಎಂದವರಿಗೆ ಒಂದೇ ಮಾತು. ಮೊದಲ ಸಂಕಲನಾತ್ಮಕ ಪರೀಕ್ಷೆ ಮುಗಿದಿದೆ, ಒಂದು ಮಧ್ಯಾಹ್ನದ ಕೆಲಸಕ್ಕೆ ಯಾರ ಓದೂ ಹಾಳಾಗುವುದಿಲ್ಲ. "ಹುಡುಗ್ಯಾರು ಮಾಡಲಿ, ಹುಡುಗರಿಗೆ ಇದೆಲ್ಲ ಯಾಕ್ರಿ" ಎಂದವರಿಗೂ ಒಂದೇ ಮಾತು: ಇಬ್ಬರಿಗೂ ಇದೆ.

ನಿಜವಾದ ತಕರಾರು ಇರುವುದು ಅಂಕ ಇಲ್ಲ, ಪ್ರದರ್ಶನ ಇಲ್ಲ ಎಂಬ ಆ ಸಾಲಿನ ಮೇಲೆ ಎಂದು ನನಗೆ ಗೊತ್ತು. "ಮಾಡಸೋದ ಮಾಡಸ್ತೀರಿ, ತೋರಸಾಕರ ಬಿಡ್ರಿ" ಎಂದರು ಒಬ್ಬ ತಾಯಿ. "ಮಾರ್ಕ್ಸ್ ಇಲ್ಲಂದ್ರ ನಮ್ಮ ಹುಡುಗ ಕೈಯಾಗ ಕತ್ತರಿ ಹಿಡಿತಾನೇನ್ರಿ ಅಕ್ಕಾರ?" ಎಂದರು ಒಬ್ಬ ತಂದೆ. ಇಬ್ಬರೂ ಮಕ್ಕಳ ಮೇಲಿನ ಕಕ್ಕುಲಾತಿಯಿಂದಲೇ ಕೇಳಿದ್ದು. ಹಾಗಾಗಿ ಈ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರಿಸಬೇಡಿ.

ಈ ವರ್ಷದ ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳು ಮನೆಯಲ್ಲಿ ಎತ್ತು ಮಾಡಿ ತರಲಿ ಎಂದಿದ್ದೆವು. ಕಿಟಕಿ ಕಟ್ಟೆಯ ಮೇಲೆ ಜೋಡಿಗಳು ಸಾಲಾಗಿ ನಿಂತವು. ಹೆಚ್ಚಿನವು ಪೇಟೆಯ ಅಚ್ಚಿನ ಎತ್ತುಗಳು: ಪ್ಲಾಸ್ಟರ್ ಆಫ್ ಪ್ಯಾರಿಸ್ ಮೈ, ಬಂಗಾರ ಬಣ್ಣದ ಕೋಡು, ಬೆನ್ನ ಮೇಲೆ ಕೆಂಪು ಜೂಲ. ಕೆಲವು ಮಣ್ಣಿನವೇ, ಆದರೆ ಮೈಮೇಲಿನ ಬೆರಳ ಗುರುತು ನೋಡಿದರೆ ಹುಡುಗ ಮಾಡಿದ್ದಲ್ಲ, ಅವರ ಕಾಕಾ ಮಾಡಿದ್ದು ಎಂದು ತಿಳಿಯುತ್ತಿತ್ತು. ತುದಿಗೆ ಒಂದು ಜೋಡಿ ಎರೆಮಣ್ಣಿನದು. ಒಂದರ ಕೋಡು ಉದುರಿತ್ತು, ಇನ್ನೊಂದರ ಹೊಟ್ಟೆ ಉದ್ದಕ್ಕೂ ಸೀಳಿತ್ತು, ಕಣ್ಣಿಗೆ ಜೋಳದ ಕಾಳು ಒತ್ತಿತ್ತು. ಮಕ್ಕಳು ನಕ್ಕರು. ಬಿಸಿಯೂಟದ ಹೊತ್ತಿಗೆ ಆ ಹುಡುಗ ತನ್ನ ಎತ್ತುಗಳನ್ನು ಕಟ್ಟೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದ.

ನಕ್ಕ ಮಕ್ಕಳನ್ನು ನಾನು ಬೈಯಲಿಲ್ಲ. ಸಾಲಾಗಿ ಇಟ್ಟರೆ ಹೋಲಿಸುವುದು ಸಹಜ. ನೀವೂ ಹೋಲಿಸುತ್ತೀರಿ, ನಾನೂ ಹೋಲಿಸುತ್ತೇನೆ. ಅಂಗಡಿಯ ಎತ್ತುಗಳನ್ನು ಅವತ್ತೇ ಮನೆಗೆ ವಾಪಸ್ ಕಳಿಸಿದ್ದು ನಿಜ. ಅದು ಯಾರ ಅವಮಾನಕ್ಕೂ ಮಾಡಿದ್ದಲ್ಲ, ಕೊಂಡವರ ತಪ್ಪೆಂದೂ ನಾನು ಹೇಳುವುದಿಲ್ಲ. ಸೆಕ್ಟರ್ ಮನೆಗಳಲ್ಲಿ ಮಣ್ಣು ಹುಡುಕುವ ಕಷ್ಟ ನನಗೂ ಗೊತ್ತು. ಆದರೆ ಆ ಸಾಲಿನಲ್ಲಿ ಏನಾದರೂ ಕಲಿತವನು ಎರೆಮಣ್ಣಿನ ಹುಡುಗನೇ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡುವುದು ಅದಕ್ಕೇ. ಕುಂಬಾರರು ಮಣ್ಣಿಗೆ ಲದ್ದಿಯನ್ನೋ ಅರಳೆಯನ್ನೋ ಸೇರಿಸಿ ತುಳಿಯುವುದೂ ಅದಕ್ಕೇ. ಇದನ್ನು ಅವನಿಗೆ ಅವನ ಮುತ್ಯಾ ಹೇಳಿಕೊಟ್ಟಿದ್ದಾರೆ. ಚೌತಿಗೆ ಅರಳೆ ಬೆರೆಸಿ ಮಾಡಿದ ಗಣಪತಿ ಬಿರಿಯಲಿಲ್ಲ ಎಂದು ವಿಜ್ಞಾನದ ಮಾಸ್ತರ ಹತ್ತಿರ ಹೇಳಿದನಂತೆ. ಶಾಲೆಗೆ ಮಾತ್ರ ತಂದು ತೋರಿಸಲಿಲ್ಲ.

ಅದಕ್ಕೇ ಈ ಸಲ ಪ್ರದರ್ಶನ ಇಲ್ಲ. ನಿಮ್ಮ ಮಗುವಿನ ಪ್ರತಿಭೆಗೆ ಶಾಲೆ ಅಡ್ಡ ನಿಂತಿದೆ ಎಂದು ದಯವಿಟ್ಟು ತಿಳಿಯಬೇಡಿ. ತೋರಿಸುವುದಕ್ಕೆ ಪ್ರತಿಭಾ ಕಾರಂಜಿ ಇದೆ, ಅದರಲ್ಲಿ ಮಣ್ಣಿನ ಮಾದರಿ ಮಾಡುವ ಸ್ಪರ್ಧೆಯೂ ಇದೆ. ಅಲ್ಲಿ ಗೆದ್ದು ಬಂದರೆ ಪ್ರಾರ್ಥನೆಯ ಹೊತ್ತಿಗೆ ಹೆಸರು ಕೂಗಿ ಚಪ್ಪಾಳೆ ಹೊಡೆಸುವವಳು ನಾನೇ. ಇದೊಂದು ಕೆಲಸಕ್ಕೆ ಮಾತ್ರ ಚಪ್ಪಾಳೆ ಬೇಡ.

ಅಂಕ ಯಾಕಿಲ್ಲ ಎಂದರೆ, ಅಂಕ ಇಟ್ಟ ಕೂಡಲೇ ಅದು ಅವ್ವನಿಗೆ ಮಾಡಿದ್ದಾಗಿ ಉಳಿಯುವುದಿಲ್ಲ, ಅಕ್ಕಾರಿಗೆ, ಅಂದರೆ ಶಿಕ್ಷಕಿಗೆ, ಮಾಡಿದ್ದಾಗುತ್ತದೆ. ಮಗು ಅವ್ವನ ಮುಖ ನೋಡುವುದಿಲ್ಲ, ನಮ್ಮ ಕೆಂಪು ಪೆನ್ನು ನೋಡುತ್ತದೆ. "ಹಂಗಾದ್ರ ಮಾಡ್ಯಾನೋ ಇಲ್ಲೋ ನಿಮಗ ಹೆಂಗ ಗೊತ್ತಾಗಬೇಕ್ರಿ?" ಎಂಬ ಪ್ರಶ್ನೆಯೂ ಬಂತು. ನಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಮಾಡದೆ ಬಂದ ಮಗುವನ್ನು ಯಾರೂ ನಿಲ್ಲಿಸಿ ಕೇಳುವುದಿಲ್ಲ. ಇಂಥ ಮನೆಗೆಲಸವೂ ಉಂಟೇ ಎಂದು ನಮ್ಮ ಶಿಕ್ಷಕರಲ್ಲೇ ಇಬ್ಬರು ನನ್ನ ಜೊತೆ ವಾದಿಸಿದ್ದಾರೆ, ಇನ್ನೂ ವಾದಿಸುತ್ತಿದ್ದಾರೆ. ಇರಲಿ.

ಫೋಟೋ ವಿಷಯ. ನಿಮ್ಮ ಸ್ಟೇಟಸ್ಸಿಗೆ ನೀವು ಹಾಕಿಕೊಳ್ಳಿ, ಬೇಡ ಎನ್ನಲು ನಾನ್ಯಾರು? ಶಾಲೆಯ ಗುಂಪಿನಲ್ಲಿ ಮಾತ್ರ ಬೇಡ. ಅಪ್ಪ-ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ, ಆಯಿಯ, ಅಂದರೆ ಅಜ್ಜಿಯ, ಹತ್ತಿರ ಉಳಿದು ಓದುವ ಮಕ್ಕಳು ನಮ್ಮಲ್ಲಿದ್ದಾರೆ. ಆಯಿಯ ಕೈಯಲ್ಲಿರುವುದು ಗುಂಡಿ ಫೋನು. ಗುಂಪಿನಲ್ಲಿ ಝಗಮಗಿಸುವ ಫೋಟೋಗಳ ಸುದ್ದಿ ಮರುದಿನ ತರಗತಿಯಲ್ಲಿ ಹಬ್ಬುತ್ತದೆ, ಮತ್ತೆ ಅದೇ ಕಿಟಕಿ ಕಟ್ಟೆಯ ಕತೆಯಾಗುತ್ತದೆ. ಇದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳುತ್ತಿದ್ದೇನೆ: ಗುಂಪಿಗೆ ಬಂದ ಫೋಟೋವನ್ನು ಅಡ್ಮಿನ್ ಅಳಿಸುತ್ತಾರೆ. ಅಳಿಸಿದರೆಂದು ಸಿಟ್ಟಾಗಬೇಡಿ.

ಇನ್ನು ಚೀಟಿ. "ನಮ್ಮ ಮಂದ್ಯಾಗ ಥ್ಯಾಂಕ್ಸ್ ಅನ್ನೋದು ಎಲ್ಲೈತ್ರಿ? ಮನಿಯವರಿಗೆ ಯಾರರ ಥ್ಯಾಂಕ್ಸ್ ಹೇಳತಾರೇನು?" ಎಂದು ಹಿರಿಯರೊಬ್ಬರು ಆಫೀಸಿನಲ್ಲಿ ಕುಳಿತು ನಕ್ಕರು. ನಾನೂ ನಕ್ಕೆ. ಅವರು ಹೇಳಿದ್ದು ಸುಳ್ಳಲ್ಲ. ಹಾಗಂತ ನಾವು ಉಪಕಾರ ಮರೆಯುವ ಮಂದಿಯೂ ಅಲ್ಲ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತೇವೆ. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಹಾರ ಹಾಕುತ್ತೇವೆ; ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಗ್ಗಕ್ಕೂ ಕೈ ಮುಗಿಯುತ್ತಾರೆ. ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುತ್ತೇವೆ. ಶೀಗೆ ಹುಣ್ಣಿಮೆಗೆ ಕೆಲವರು, ಎಳ್ಳ ಅಮವಾಸ್ಯೆಗೆ ಕೆಲವರು ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೇ ತಾವು ಉಣ್ಣಲು ಕೂಡುತ್ತಾರೆ. ಎತ್ತಿಗೊಂದು ದಿನ ಇದೆ, ಹೊಲಕ್ಕೊಂದು ದಿನ ಇದೆ, ಕಬ್ಬಿಣಕ್ಕೂ ಒಂದು ದಿನ ಇದೆ. ಆ ಚರಗದ ಬುತ್ತಿಗೆಂದು ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ ಬಡಿದವಳಿಗೆ, ಎಣ್ಣೆಗಾಯಿಗೆ ಮಸಾಲೆ ಅರೆದವಳಿಗೆ, ಶೇಂಗಾ ಹೋಳಿಗೆ ಬೇಯಿಸಿ ಬುಟ್ಟಿ ತುಂಬಿದವಳಿಗೆ ಯಾವ ದಿನ ಎಂದು ಆ ಹಿರಿಯರನ್ನೇ ಕೇಳಿದೆ. ಅವರು ಚಹಾ ಕುಡಿದು, "ಬರಸ್ರಿ ಹಂಗಾದ್ರ" ಎಂದು ಎದ್ದರು.

ಥ್ಯಾಂಕ್ಸ್ ಎಂಬ ಶಬ್ದ ಚೀಟಿಯಲ್ಲಿ ಇರಲೇಬೇಕೆಂದೇನೂ ಇಲ್ಲ. ಐದನೇ ತರಗತಿಯಲ್ಲಿ ಅಭ್ಯಾಸಕ್ಕೆಂದು ಬರೆಸಿದಾಗ ಮೊದಲು ಬಂದದ್ದೆಲ್ಲ ಒಂದೇ ತರಹ: ತಾಯಿಯೇ ದೇವರು, ಹೆತ್ತು ಹೊತ್ತು ಸಾಕಿದ್ದಕ್ಕೆ ಧನ್ಯವಾದಗಳು. ಎಲ್ಲವೂ ಪ್ರಬಂಧದ ನೋಟ್ಸಿನಿಂದ ಇಳಿಸಿದ ಸಾಲುಗಳು. ತರಗತಿಯ ಗುರುಮಾತೆ ಅವನ್ನೆಲ್ಲ ಬದಿಗಿಡಿಸಿ, ನಿನ್ನೆ ನಿನಗಾಗಿ ಯಾರು ಏನು ಮಾಡಿದರು ಅಷ್ಟೇ ಬರಿ ಎಂದರು. ತರಗತಿ ಬಹಳ ಹೊತ್ತು ಸುಮ್ಮನಾಯಿತಂತೆ, ಐದನೇ ತರಗತಿಯಲ್ಲಿ ಅದು ಸಣ್ಣ ಮಾತಲ್ಲ. ಒಬ್ಬ ಹುಡುಗಿ ಬರೆದದ್ದನ್ನು ಅವಳ ಒಪ್ಪಿಗೆ ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ: "ಆಯಿ, ನನ್ನ ಯುನಿಫಾರ್ಮ್ ಗುಂಡಿ ಬಿದ್ದಿತ್ತು. ನಾ ಹೇಳಿರಲಿಲ್ಲ. ನೀನೇ ನೋಡಿ ಹಚ್ಚಿದಿ. ದಾರ ಬ್ಯಾರೆ ಬಣ್ಣದ್ದು ಐತಿ, ಆದ್ರೂ ಗಟ್ಟಿ ಐತಿ."

ಇಷ್ಟು ಗಮನಿಸಲು ಬಂದರೆ ನನಗೆ ಸಾಕು. ಮಿಕ್ಕ ಚೀಟಿಗಳನ್ನು ನಾವು ಓದುವುದಿಲ್ಲ, ಅದಕ್ಕೇ ಶಾಲೆಗೆ ತರಿಸುತ್ತಿಲ್ಲ. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾರೆ. ಅದರಲ್ಲಿ ಸಾಲದ ಮಾತು ಬರಬಹುದು, ಜಗಳದ ಮಾತು ಬರಬಹುದು. ನಿಮ್ಮ ಮನೆಯ ಮಾತು ನಿಮ್ಮ ಮನೆಯಲ್ಲೇ ಇರಲಿ. ಚೀಟಿ ಕೊಡುವುದು ಅವ್ವನಿಗೇ ಆಗಬೇಕೆಂದೂ ಇಲ್ಲ. ಅಪ್ಪನಿಗೆ, ಅಣ್ಣನಿಗೆ, ಆಯಿಗೆ, ಮನೆಯವರಂತೆ ಇರುವ ಬಾಜೂ ಮನೆಯವರಿಗೆ, ಮಗು ಯಾರನ್ನು ಆರಿಸಿದರೂ ಸರಿ. ನಿಮ್ಮನ್ನು ಆರಿಸಲಿಲ್ಲ ಎಂದು ಮುನಿಸಿಕೊಳ್ಳಬೇಡಿ. ಇದನ್ನು ತಮಾಷೆಗೆ ಬರೆದಿಲ್ಲ, ಕಾರಣವಿದ್ದೇ ಬರೆದಿದ್ದೇನೆ.

ವಸ್ತು ಏನಾದರೂ ಆಗಬಹುದು. ದೀಪಾವಳಿ ಎಂದ ಮೇಲೆ ಮಕ್ಕಳ ಬಾಯಲ್ಲಿ ಆಕಾಶಬುಟ್ಟಿಯೇ ಇದೆ, ಆದರೆ ಅದೇ ಆಗಬೇಕೆಂದಿಲ್ಲ. ದೀಪಾವಳಿ ಆಚರಿಸದ ಮನೆಯ ಮಕ್ಕಳು ಇದು ತಮಗಲ್ಲ ಎಂದುಕೊಳ್ಳುವುದು ಬೇಡ. ಟೇಲರ್ ಅಂಗಡಿಯಲ್ಲಿ ಉಳಿದ ಖಣದ ತುಂಡಿನಿಂದ ಚೀಲ ಹೊಲಿಯಲಿ, ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಪೆಟ್ಟಿಗೆ ಮಾಡಲಿ. ಆಕಾಶಬುಟ್ಟಿಗೆ ಬಿದಿರ ಕಡ್ಡಿ ಸಿಗದಿದ್ದರೆ ಕಸಬರಿಗೆ ಕಡ್ಡಿ ನಡೆಯುತ್ತದೆ. ಊರಿಗೆ ಹೋಗುವವರಿಗೆ ಬಣವೆಯ ಕಣಿಕೆ ಸಿಕ್ಕರೆ ಇನ್ನೂ ಚೊಲೋ. ಜೋಳದ ದಂಟು ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಸುಲಿದ ಸಿಪ್ಪೆಯ ಸೀಳನ್ನೇ ಅದಕ್ಕೆ ಚುಚ್ಚಿ ಚಕ್ಕಡಿ ಕಟ್ಟುವುದು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಅಂಟು ಬೇಡ, ಮೊಳೆ ಬೇಡ. ಚಕ್ಕಡಿ ಕಟ್ಟಿದ ಕೈಗೆ ಆಕಾಶಬುಟ್ಟಿಯ ಚೌಕಟ್ಟು ಕಷ್ಟವಲ್ಲ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಅಷ್ಟು ನೋಡಿಕೊಳ್ಳಿ.

ಬಾರದಿದ್ದರೆ ಮನೆಯ ಹಿರಿಯರನ್ನು ಕೇಳಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹಳೇ ಬಾಗಲಕೋಟೆಯ ಮನೆ ಬಿಟ್ಟು ಇಲ್ಲಿಗೆ ಬಂದ ಆಯಿಗಳು ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ ಚುಚ್ಚಿ, ಚೆಂಡುಹೂ ಏರಿಸಿ, ಹಟ್ಟಿ ಇಲ್ಲದ ಈ ಮನೆಗಳ ಗೇಟಿನ ಕಟ್ಟೆಯ ಮೇಲೆ ಇಡುವುದನ್ನು ನಾನೇ ನೋಡಿದ್ದೇನೆ. ಸಗಣಿಯನ್ನು ಎಲ್ಲಿಂದ ತರುತ್ತಾರೋ ಅವರಿಗೇ ಗೊತ್ತು. ಅವರ ಪಕ್ಕ ಮೊಮ್ಮಕ್ಕಳು ಕೂತು ಕೈ ಹಾಕಿದ್ದು ಕಂಡದ್ದು ಕಡಿಮೆ.

ನೀವು ಕಡ್ಡಿ ಹಿಡಿದುಕೊಳ್ಳಬಹುದು, ಗಂಟಿನ ಮೇಲೆ ಬೆರಳಿಡಬಹುದು, ಕತ್ತರಿ ಕೊಡಬಹುದು. ಮಾಡಿಕೊಡಬೇಡಿ. ಸೊಟ್ಟಗಾದರೆ ಸೊಟ್ಟಗೇ ಇರಲಿ, ಒಂದು ಮೂಲೆಯ ಕಾಗದ ಹರಿದರೆ ಮಗುವೇ ತೇಪೆ ಹಚ್ಚಲಿ. ರಾತ್ರಿ ಮಗು ಮಲಗಿದ ಮೇಲೆ ಎದ್ದು ಸರಿಮಾಡುವ ಚಾಳಿ ನಮ್ಮಲ್ಲಿ ಅನೇಕರಿಗಿದೆ. ಪ್ರೀತಿಯಿಂದಲೇ ಮಾಡುತ್ತೀರಿ, ಅದರಲ್ಲಿ ಸಂಶಯವಿಲ್ಲ. ಬೆಳಿಗ್ಗೆ ಎದ್ದ ಮಗುವಿಗೆ ಮಾತ್ರ ಅದು ತನ್ನದಲ್ಲ ಎಂದು ಮೊದಲ ನೋಟಕ್ಕೇ ತಿಳಿಯುತ್ತದೆ.

ನಾನು ನಿಮ್ಮಿಂದ ಕೇಳುವುದು ಇಷ್ಟೇ: ರಜೆಯ ಒಂದು ಮಧ್ಯಾಹ್ನ ಮಗುವಿನ ಪಕ್ಕ ಕುಳಿತುಕೊಳ್ಳಿ.

ಕಾಗದ, ಕಡ್ಡಿ ಸಿಗದ ಮಕ್ಕಳಿಗೆ ಸ್ಟಾಫ್ ರೂಮಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ. ಹಳೆಯ ಲಗ್ನಪತ್ರಿಕೆ, ಬಣ್ಣದ ಕಾಗದ, ಬಟ್ಟೆಯ ತುಂಡು ಇದ್ದವರು ರಜೆ ಶುರುವಾಗುವ ಮುಂಚೆ ಕಳಿಸಿಕೊಡಿ. ಬೇಕಾದವರು ಯಾರನ್ನೂ ಕೇಳದೆ ಒಯ್ಯಬಹುದು. ಇನ್ನೂ ಮಾತು ಉಳಿದವರು ಸಂಜೆ ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬನ್ನಿ, ನಾನಿರುತ್ತೇನೆ. ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.

ನಿಮ್ಮ ವಿಶ್ವಾಸಿ,
ಮುಖ್ಯ ಗುರುಮಾತೆ

ತಾ.ಕ.: ಅಂಟಿಗೆ ಹಣ ಹಾಕಬೇಡಿ, ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಗಂಟಾಗದಂತೆ ಕುದಿಸಿದರೆ ಸಾಕು. ಹುಳ ಹಿಡಿಯಬಾರದೆಂದು ಹಿಂದಿನವರು ಅದಕ್ಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ, ಹಾಕಬೇಡಿ. ಆಕಾಶಬುಟ್ಟಿಯೊಳಗೆ ಪಣತಿ ಇಡುವುದೂ ಬೇಡ, ಸಣ್ಣ ಎಲ್‌ಇಡಿ ಬಲ್ಬು ಹಾಕಿ. ವೈರು ಜೋಡಿಸುವುದು ಮಾತ್ರ ದೊಡ್ಡವರ ಕೆಲಸ.