ಬಣ್ಣ ಹೊಡೆಯುವ ಮುಂಚೆ ಫೋಟೊ ತೆಗೆಸಿ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಬಳ್ಳಾರಿಯವನು. ಹಳೇ ಕಟ್ಟಡಗಳ ಫೋಟೊ ತೆಗೆಯುತ್ತೇನೆ, ಅದರಲ್ಲೂ ಚರ್ಚ್‌ಗಳದ್ದು ಜಾಸ್ತಿ. ನಿಮ್ಮಲ್ಲಿ ಕೇಳುವುದು ಒಂದೇ. ಜಿಲ್ಲೆಯ ಹಳೇ ಚರ್ಚ್‌ಗಳಲ್ಲಿ ರಿಪೇರಿ, ಬಣ್ಣ, ಟೈಲ್ಸ್ ಕೆಲಸ ಶುರುವಾಗುವ ಮುಂಚೆ ಒಳಗೂ ಹೊರಗೂ ಸರಿಯಾಗಿ ಫೋಟೊ ತೆಗೆದಿಡುವ ಏರ್ಪಾಡು ಮಾಡಿಸಿ.

ಕೌಲ್ ಬಜಾರ್, ಕಂಟೋನ್ಮೆಂಟ್ ಕಡೆ ಓಡಾಡಿದವರಿಗೆ ಇದು ದಂಡಿನ ಊರಾಗಿತ್ತು ಅನ್ನುವುದು ಗೊತ್ತೇ ಇದೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ದಂಡಿನವರು, ಮಿಷನ್ನಿನವರು, ಕ್ಯಾಥೊಲಿಕರು ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಕಟ್ಟಿದರು. ಆದರೆ ಗಾರೆ ಕಲೆಸಿದವರು, ಕಲ್ಲು ಕೆತ್ತಿದವರು, ಮರ ಕೂಡಿಸಿದವರು ನಮ್ಮ ಜನವೇ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಅವರ ಕೈಕೆಲಸ ಮಾತ್ರ ಉಳಿದಿದೆ, ಅದಕ್ಕೇ ನನಗೆ ಇಷ್ಟು ಕಾಳಜಿ.

ಒಂದು ಉದಾಹರಣೆ ಹೇಳುತ್ತೇನೆ. ಹಳೇ ಚರ್ಚ್‌ಗಳ ಗೋಡೆಯಲ್ಲಿ ಅಮೃತಶಿಲೆಯ ಸ್ಮಾರಕ ಫಲಕಗಳಿರುತ್ತವೆ. ಅಕ್ಷರ ಕೊರೆದು ಅದರೊಳಗೆ ಸೀಸ ತುಂಬುವುದು ಆಗಿನ ಒಂದು ಪದ್ಧತಿ. ಕಾಲ ಕಳೆದಂತೆ ಸೀಸ ಉದುರುತ್ತದೆ. ಎದುರಿಗೆ ನಿಂತು ಫ್ಲ್ಯಾಶ್ ಹೊಡೆದರೆ ಬರೀ ಬಿಳಿ ಕಲ್ಲು ಕಾಣುತ್ತದೆ. ಅದೇ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿದರೆ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತವೆ. ಹೆಸರು, ಪಲ್ಟನ್ನು, ಸತ್ತ ವರ್ಷ, ಎಲ್ಲಾ ಓದಬಹುದು. ಆದರೆ ಆ ಫಲಕದ ಮೇಲೆ ಒಂದು ಕೋಟ್ ಎನಾಮಲ್ ಪೇಂಟ್ ಬಿದ್ದರೆ ಗೆರೆ ತುಂಬಿಹೋಗುತ್ತದೆ. ಆಮೇಲೆ ಯಾವ ಬೆಳಕು ಹಿಡಿದೂ ಪ್ರಯೋಜನ ಇಲ್ಲ.

ನಾನು ನೋಡುತ್ತಾ ಬಂದ ಒಂದು ಚರ್ಚ್‌ನಲ್ಲಿ ಹೀಗೇ ಆಯಿತು. ಸುಣ್ಣದ ಗಾರೆ ಕೆರೆದು ಸಿಮೆಂಟ್ ಬಳಿದರು, ಎದೆಮಟ್ಟಕ್ಕೆ ಟೈಲ್ಸ್ ಅಂಟಿಸಿದರು. ಆ ಚರ್ಚಿನ ಸಭೆಯವರನ್ನು, ಅಂದರೆ ಅಲ್ಲಿ ಪ್ರಾರ್ಥನೆಗೆ ಸೇರುವ ಜನರನ್ನು, ನಾನು ದೂರುವುದಿಲ್ಲ. ಗೋಡೆ ಒದ್ದೆಯಾಗುತ್ತಿತ್ತು, ಮಕ್ಕಳು ಮರಿ ಕೂರುವ ಜಾಗ, ಅವರು ರಿಪೇರಿ ಮಾಡಲೇಬೇಕಿತ್ತು. ಆದರೆ ಮೊದಲು ಹೇಗಿತ್ತು ಅಂತ ತೋರಿಸಲು ಅವರ ಹತ್ತಿರ ಒಂದೇ ಒಂದು ಒಳ್ಳೆಯ ಚಿತ್ರ ಇಲ್ಲ. ಇರುವುದೆಲ್ಲ ಮದುವೆ ಫೋಟೊಗಳ ಹಿಂದೆ ಮಸುಕಾಗಿ ಕಾಣುವ ಗೋಡೆ.

ಫೋಟೊ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ಹಂಪಿಯೇ ಸಾಕು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರ ತೆಗೆದ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರ ಇತ್ತು. ಇವತ್ತು ಅದಿಲ್ಲ. ಅದು ಹೇಗಿತ್ತು ಅಂತ ನಾವು ಕಣ್ಣಾರೆ ನೋಡುತ್ತಿರುವುದು ಆ ಚಿತ್ರದಿಂದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ತಿಳಿಯುತ್ತದೆ. ನಮ್ಮ ಚರ್ಚ್‌ಗಳಿಗೂ ಅಂಥ ಮೊದಲನೇ ಚಿತ್ರ ಬೇಕು, ಅಲ್ವಾ?

ಇದು ಕೋಟಿಗಟ್ಟಲೆ ದುಡ್ಡಿನ ಕೆಲಸ ಅಲ್ಲ. ಒಂದು ಕ್ಯಾಮೆರಾ, ಒಂದು ಟ್ರೈಪಾಡ್, ಚಿತ್ರದಲ್ಲಿ ಅಳತೆ ತಿಳಿಯಲಿ ಅಂತ ಪಕ್ಕದಲ್ಲಿಡಲು ಒಂದು ಸ್ಕೇಲ್. ಬೇಕಾಗುವುದು ಸಮಯ. ಹಳೇ ಚರ್ಚ್‌ಗಳಲ್ಲಿ ಸಾಮಾನ್ಯವಾಗಿ ಬಲಿಪೀಠ ಪೂರ್ವದ ಕಡೆ ಇರುತ್ತದೆ. ಅದರ ಹಿಂದಿನ ಬಣ್ಣದ ಗಾಜಿಗೆ ಬೆಳಗಿನ ಬಿಸಿಲು ಬೇಕು, ಮುಂಬಾಗಿಲಿಗೆ ಸಂಜೆಯದು. ನಡುವೆ ನಮ್ಮ ಬಳ್ಳಾರಿ ಬಿಸಿಲಲ್ಲಿ ಸುಮ್ನೆ ಕಾಯಬೇಕು. ಅರ್ಧ ಗಂಟೆಯಲ್ಲಿ ಮುಗಿಸಿ ಹೊರಡಿ ಅಂದರೆ ಆಗುವುದಿಲ್ಲ. ಟ್ರೈಪಾಡ್ ಕಂಡ ಕೂಡಲೇ ಯಾರು ನೀನು, ಯಾಕೆ ತೆಗೆಯುತ್ತೀಯ ಅಂತ ಕಾವಲುಗಾರರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದ ಇರಬೇಕು ಅಷ್ಟೇ.

ಚರ್ಚ್‌ಗಳು ಆಯಾ ಸಭೆಯವರದ್ದು. ನೀವು ಆದೇಶ ಮಾಡಿ ಅಂತ ನಾನು ಹೇಳುತ್ತಿಲ್ಲ. ಫಾದರ್‌ಗಳು, ಪಾಸ್ಟರ್‌ಗಳು, ಚರ್ಚ್ ಕಮಿಟಿಯ ಹಿರಿಯರು, ಪುರಾತತ್ವ ಇಲಾಖೆಯವರು, ಇವರನ್ನೆಲ್ಲ ಒಂದು ಸಲ ನಿಮ್ಮ ಕಚೇರಿಗೆ ಕರೆಸಿ ಮಾತಾಡಿ. ಅವರು ಒಪ್ಪಿದ ಕಡೆ ಫೋಟೊ ತೆಗೆಯಲು ನಿಮ್ಮ ಸಹಿಯ ಒಂದು ಪತ್ರ ಕೊಡಿ. ಪ್ರಾರ್ಥನೆಯ ಹೊತ್ತಲ್ಲಿ ನಾವ್ಯಾರೂ ಒಳಗೆ ಕಾಲಿಡುವುದಿಲ್ಲ. ತೆಗೆದ ಚಿತ್ರಗಳ ಒಂದು ಪ್ರತಿ ಆ ಚರ್ಚ್‌ಗೆ ಹೋಗಲಿ, ಇನ್ನೊಂದು ನಮ್ಮೂರಿನ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಇರಲಿ. ಅಲ್ಲಿ ಶಿಲಾಯುಗದ ಕೊಡಲಿಗಳಿಗೆ ಜಾಗ ಇದೆ, ಇನ್ನೂರು ವರ್ಷದ ಈಚಿನ ಕಥೆಗೂ ಒಂದು ಕಪಾಟು ಸಿಗಲಿ.

ಕ್ರಿಸ್‌ಮಸ್ ಹತ್ತಿರ ಬಂದರೆ ಎಲ್ಲಾ ಕಡೆ ಬಣ್ಣ ಹೊಡೆಯುವ ಕೆಲಸ ಶುರುವಾಗುತ್ತದೆ. ದಯವಿಟ್ಟು ಅದಕ್ಕೂ ಮುಂಚೆ ಈ ಸಭೆ ಕರೆಯಿರಿ. ಫೋಟೊ ತೆಗೆಯಲು ನಾನು ಸಂಬಳ ಕೇಳದೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಛಾಯಾಗ್ರಾಹಕ