ಮಗಳಿಗೊಂದು ಪತ್ರ: ಮೂರು ಸೊನ್ನೆಯ ಜಗಳ

ಕುಮಟಾ
ಮಂಗಳವಾರ ರಾತ್ರಿ

ಪುಟ್ಟೀ,

ನಿನ್ನೆ ಫೋನಿನಲ್ಲಿ ನಿನ್ನ ಫಿಸಿಕ್ಸ್ ಲೆಕ್ಕದ ತಪ್ಪಿಗೆ ಜಗಳವಾಡಿದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ನನ್ನ ದನಿ ಜೋರಾಯಿತು, ಬೇಜಾರು ಮಾಡ್ಕೋಬೇಡ. ಆದರೆ ಫೋನ್ ಇಡುವಾಗ ಅಂದೆಯಲ್ಲ, "ಮೂರು ಸೊನ್ನೆಗೆ ಇಷ್ಟು ರಾದ್ಧಾಂತವಾ ಆಯಿ" ಅಂತ, ಅದು ಮಾತ್ರ ಡ್ಯೂಟಿ ಮುಗಿಯುವವರೆಗೂ ತಲೆ ಕೊರೆಯಿತು.

ನೀನು ಕಳಿಸಿದ ಉತ್ತರಪತ್ರಿಕೆಯ ಫೋಟೋ ನೋಡಿದೆ. ಒಂದು ಚಾರ್ಜ್, ಅಂದರೆ ವಿದ್ಯುದಾವೇಶ, 2 ಮೈಕ್ರೋಕೂಲಂಬ್, ಇನ್ನೊಂದು 5 ನ್ಯಾನೋಕೂಲಂಬ್ (ಕೂಲಂಬ್ ಅಂದರೆ ಚಾರ್ಜಿನ ಅಳತೆ), ನಡುವೆ 10 ಸೆಂಟಿಮೀಟರ್. ಅವೆರಡರ ನಡುವಿನ ಬಲ ಎಷ್ಟು ಅಂತ ಪ್ರಶ್ನೆ. ಸೆಂಟಿಮೀಟರನ್ನು ಮೀಟರ್ ಮಾಡಿದ್ದೀಯ, ವರ್ಗ ಮಾಡುವುದನ್ನೂ ಮರೆತಿಲ್ಲ. ನಮ್ಮ ಕಾಲದಲ್ಲಿ ಅರ್ಧ ಕ್ಲಾಸು ಅಲ್ಲೇ ಮುಗ್ಗರಿಸುತ್ತಿತ್ತು, ಹಾಗಾಗಿ ನನಗೆ ಹೆಮ್ಮೆಯೇ ಆಯಿತು. ಆಮೇಲೆ ನ್ಯಾನೋಗೂ 10ರ ಘಾತ ಮೈನಸ್ 6 ಹಾಕಿದ್ದೀಯ. ಮೈನಸ್ 9 ಅಲ್ವಾ? ಬರಬೇಕಾದದ್ದು 0.009 ನ್ಯೂಟನ್, ಬಂದದ್ದು 9. ಸಾವಿರ ಪಟ್ಟು, ನೀನಂದ ಆ ಮೂರು ಸೊನ್ನೆ.

9 ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಅಕ್ಕಿಯ ಭಾರ. 0.009 ಅಂದರೆ ಒಂದು ಗ್ರಾಮಿನಷ್ಟೂ ಇಲ್ಲ. ಉತ್ತರ ಬರೆದ ಮೇಲೆ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬಾರದಿತ್ತಾ?

ನಾಲ್ಕನೇ ಕ್ಲಾಸಿನಲ್ಲಿ ನೀನು ಹಿಡಿದು ನೋಡಿದವಳೇ. ಜುಲೈ ಮಳೆ. ಶಾಲೆಯಲ್ಲಿ ಹಣಿಗೆಗೆ ಕಾಗದದ ಚೂರು ಅಂಟಲೇ ಇಲ್ಲ ಅಂತ ಮೋರೆ ಊದಿಸಿಕೊಂಡು ಬಂದಿದ್ದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಟುವುದೂ ಇಲ್ಲ. ಹಣಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ, ಚಾರ್ಜ್ ಅದರಲ್ಲೇ ಸೋರಿಹೋಗುತ್ತದೆ. ಇಬ್ಬರೂ ಬಚ್ಚಲ ಒಲೆ ಮುಂದೆ ಕೂತೆವು. ಹಣಿಗೆ ಬಿಸಿಯಾಗಿ ಸೊಟ್ಟಗಾಗದ ಹಾಗೆ ದೂರದಲ್ಲಿ ಹಿಡಿದು ಒಣಗಿಸಿದೆವು, ಕಾಗದದ ಚೂರನ್ನೂ ಒಣಗಿಸಿದೆವು, ನನ್ನ ಕೂದಲನ್ನೂ. ಆಮೇಲೆ ನೀನು ನನ್ನ ತಲೆ ಬಾಚಿದ್ದು ನೋಡಬೇಕಿತ್ತು, ಬುರುಡೆ ಕಿತ್ತು ಬರುವ ಹಾಗೆ! ಚೂರುಗಳು ಹಾರಿ ಬಂದು ಅಂಟಿದವು. ಒಂದು ಚೂರು ಮಾತ್ರ ಅಂಟಿ, ಸ್ವಲ್ಪ ಹೊತ್ತು ನಡುಗಿ, ಪಟ್ಟನೆ ಆಚೆ ಸಿಡಿಯಿತು. ಯಾಕೆ ಅಂತ ನೀನು ಊಟಕ್ಕೂ ಏಳದೆ ಕೇಳಿದೆ. ಹಣಿಗೆಯ ಚಾರ್ಜನ್ನೇ ಅದೂ ತಗೊಂಡಿತು, ಒಂದೇ ಜಾತಿಯ ಚಾರ್ಜುಗಳು ದೂಡಿಕೊಳ್ಳುತ್ತವೆ ಅಂದೆ ನಾನು. ನೀನು ನಂಬಲಿಲ್ಲ. ಮತ್ತೆ ಬಾಚಿದೆ. ಅಪ್ಪಯ್ಯ ಬಂದು ಬೈದ ಮೇಲೇ ಎದ್ದದ್ದು. ಆ ಹುಡುಗಿ ಈಗ "ಸೈನ್ಸೇ ಬಿಡ್ತೇನೆ" ಅಂದರೆ ನನಗೆ ಹೇಗಾಗಬೇಡ ಹೇಳು.

ಅಂಥ ಹಣಿಗೆಯಲ್ಲಿ ಇರುವ ಚಾರ್ಜಿಗೆ ಕೂಲಂಬ್ ಲೆಕ್ಕ ಆಗಿಬರುವುದಿಲ್ಲ, ನ್ಯಾನೋಕೂಲಂಬೇ ಬೇಕು. ಒಂದೇ ಒಂದು ನ್ಯಾನೋಕೂಲಂಬಿಗೆ ಸುಮಾರು 624 ಕೋಟಿ ಎಲೆಕ್ಟ್ರಾನ್ ಬೇಕು. ಒಂದು ಪಿಕೋಕೂಲಂಬಿಗೂ 62 ಲಕ್ಷ ದಾಟುತ್ತದೆ. ಮಿಲಿ, ಮೈಕ್ರೋ, ನ್ಯಾನೋ, ಪಿಕೋ, ಒಂದೊಂದು ಹೆಜ್ಜೆಗೂ ಸಾವಿರ. 3500 ಪಿಕೋ ಅಂದರೆ 3.5 ನ್ಯಾನೋ, ಅದೇ 0.0035 ಮೈಕ್ರೋ. ಯೂನಿಟ್ ಸಣ್ಣದಾದರೆ ಅಂಕಿ ದೊಡ್ಡದಾಗಬೇಕು. ಗೊಂದಲವಾದರೆ ಎಲ್ಲವನ್ನೂ ಮೊದಲು ಕೂಲಂಬಿಗೆ ತಂದುಬಿಡು. 1785ರಲ್ಲಿ ಕೂಲಂಬ್ ಎಂಬ ವಿಜ್ಞಾನಿ ಚಾರ್ಜುಗಳ ನಡುವಿನ ಬಲವನ್ನು ಅಳೆದದ್ದು ತಂತಿಗೆ ಕಡ್ಡಿ ತೂಗುಹಾಕಿ, ಆ ತಂತಿ ಎಷ್ಟು ತಿರುಚಿತು ಅಂತ ನೋಡಿ. ಅಷ್ಟು ಸಣ್ಣ ಬಲ ಅದು.

ಉಪದೇಶ ಬೇಡ ಅಂತಲೇ ಕೂತಿದ್ದೆ, ನೋಡು ಎಲ್ಲಿಗೆ ಬಂತು. ಆದರೂ ಇದೊಂದು ಕೇಳು. ನಮ್ಮ ವಾರ್ಡಿನಲ್ಲಿ ಅಡ್ರಿನಲಿನ್ ಔಷಧಿಯ ಆಂಪೂಲಿನ (ಸಣ್ಣ ಗಾಜಿನ ಸೀಸೆ) ಮೇಲೆ 1 ಮಿಲಿಗ್ರಾಂ ಅಂತ ಇರುತ್ತದೆ, ಡಾಕ್ಟರು ಕೆಲವೊಮ್ಮೆ ಮೈಕ್ರೋಗ್ರಾಮಿನಲ್ಲಿ ಬರೆಯುತ್ತಾರೆ. ಅಲ್ಲೂ ಇದೇ ಮೂರು ಸೊನ್ನೆ. ಅದಕ್ಕೇ ಸಿರಿಂಜಿಗೆ ಎಳೆಯುವ ಮೊದಲು ಇನ್ನೊಬ್ಬ ಸಿಸ್ಟರನ್ನು ಕರೆದು ಜೋರಾಗಿ ಓದಿಸುತ್ತೇನೆ. ಹೊಸಬರು ನಗುತ್ತಾರೆ, ನಗಲಿ. ನೀನು ನಾಳೆ ಏನಾಗುತ್ತೀಯೋ ಗೊತ್ತಿಲ್ಲ, ಡಾಕ್ಟರೇ ಆಗಬೇಕು ಅಂತ ನಾನಂತೂ ಹೇಳಿಲ್ಲ. ಅಪ್ಪಯ್ಯ ಹೇಳಿದ್ದರೆ ಅದು ಅವರ ಮಾತು.

ಊಟ ಬಿಡಬೇಡ. ಹಾಸ್ಟೆಲಿನ ಅನ್ನ ಸೇರದಿದ್ದರೆ ಮೊಸರಾದರೂ ತಗೋ.

ಏಳನೇ ಪ್ರಶ್ನೆಯಲ್ಲೂ ಪಿಕೋ ಇತ್ತು, ಅದರ ಫೋಟೋ ಮಸುಕಾಗಿದೆ. ಇನ್ನೊಮ್ಮೆ ತೆಗೆದು ಕಳಿಸು. ಈ ವಾರ ನನಗೆ ನೈಟ್, ಬೆಳಿಗ್ಗೆ ಒಂಬತ್ತರ ಮೇಲೆ ಫೋನ್ ಮಾಡು.

ನಿನ್ನ ಆಯಿ